ರಕ್ಷಣಾ ಸಿಬ್ಬಂದಿಯ ಮೈಮೇಲಿನ ವಿದ್ಯುತ್ ಮತ್ತು ದತ್ತಾಂಶ ವ್ಯವಸ್ಥೆಯನ್ನು ಯೋಜಿಸುವ ಬಗೆ

ಭೂಕುಸಿತದ ಸ್ಥಳಕ್ಕೆ ಇಳಿಯುವ ರಕ್ಷಣಾ ಸಿಬ್ಬಂದಿಯ ಮೈಮೇಲೆ ಇಂದು ಹಲವು ಬ್ಯಾಟರಿಗಳಿರುತ್ತವೆ: ವಾಕಿಟಾಕಿಗೆ ಒಂದು, ಮೊಬೈಲಿಗೆ ಒಂದು, ಹೆಲ್ಮೆಟ್ಟಿನ ದೀಪಕ್ಕೆ ಒಂದು, ಎದೆಯ ಕ್ಯಾಮೆರಾಕ್ಕೆ ಒಂದು. ಪ್ರತಿಯೊಂದರ ಚಾರ್ಜರ್ ಬೇರೆ, ಪ್ರತಿಯೊಂದೂ ಖಾಲಿಯಾಗುವ ಹೊತ್ತು ಬೇರೆ, ಮತ್ತು ಒಂದರಲ್ಲಿ ಉಳಿದ ಶಕ್ತಿಯನ್ನು ಇನ್ನೊಂದಕ್ಕೆ ಕೊಡುವ ದಾರಿ ಇರುವುದಿಲ್ಲ. ಈ ತೊಡಕನ್ನು ಮೊದಲು ಎದುರಿಸಿದವರು ಸೈನಿಕರು. ಅಮೆರಿಕದ ಭೂಸೇನೆಯ ‘ನೆಟ್ ವಾರಿಯರ್’ ವ್ಯವಸ್ಥೆಯಲ್ಲಿ ಮಾರುಕಟ್ಟೆಯ ಆಂಡ್ರಾಯ್ಡ್ ಫೋನನ್ನೇ ಎದೆಗೆ ಕಟ್ಟಿ, ಅದನ್ನು ಕೇಬಲ್ ಮೂಲಕ ರೇಡಿಯೊಗೆ ಜೋಡಿಸಿ, ದೇಹದ ಬಾಗಿಗೆ ಹೊಂದಿಕೊಳ್ಳುವ ಚಪ್ಪಟೆ ಬ್ಯಾಟರಿಯಿಂದ ವಿದ್ಯುತ್ ಕೊಡುವ ಕ್ರಮ ರೂಢಿಗೆ ಬಂತು. ಅದೇ ದೇಶದ ಒಳನಾಡ ಭದ್ರತಾ ಇಲಾಖೆಯು ಅಗ್ನಿಶಾಮಕ, ಪೊಲೀಸ್ ಮತ್ತು ಆಂಬ್ಯುಲೆನ್ಸ್ ಸಿಬ್ಬಂದಿಗಾಗಿ ಇಂಥದೇ ವಿನ್ಯಾಸವನ್ನು ‘ನೆಕ್ಸ್ಟ್ ಜನರೇಷನ್ ಫಸ್ಟ್ ರೆಸ್ಪಾಂಡರ್’ ಕಾರ್ಯಕ್ರಮದಲ್ಲಿ ವಿವರಿಸಿತು. ನಮ್ಮಲ್ಲಿ ಎಫ್‌-ಇನ್ಸಾಸ್ ಯೋಜನೆ ಭಾರತೀಯ ಪದಾತಿ ಸೈನಿಕನನ್ನು ಕುರಿತು ಇದೇ ದಾರಿಯಲ್ಲಿ ಆಲೋಚಿಸಿತ್ತು.

ಈ ಬರಹವನ್ನು ಸೇನೆಯ ಖರೀದಿ ವಿಭಾಗಕ್ಕಾಗಿ ಬರೆದಿಲ್ಲ. ಹತ್ತು ಜನರ ರಕ್ಷಣಾ ತಂಡಕ್ಕೆ ಇಂಥದೊಂದು ವ್ಯವಸ್ಥೆಯನ್ನು ಆಯ್ಕೆ ಮಾಡಬೇಕಾದ ಅಧಿಕಾರಿ, ಅಥವಾ ಅದನ್ನು ಕಟ್ಟಿಕೊಡಲು ಹೊರಟ ಎಂಜಿನಿಯರ್, ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಮೊದಲೇ ಒಂದು ನಿಯಮವನ್ನು ಒಪ್ಪಿಕೊಂಡು ಮುಂದುವರಿಯಬೇಕು: ಬ್ಯಾಟರಿಗಳನ್ನೂ ಸಾಧನಗಳನ್ನೂ ಜೋಡಿಸುವ ನಡುವಿನ ಡಬ್ಬಿ, ಅಂದರೆ ಹಬ್, ಕೆಟ್ಟರೂ, ಕೇಬಲ್ ಹರಿದರೂ, ದೊಡ್ಡ ಬ್ಯಾಟರಿ ಕಳಚಿ ಬಿದ್ದರೂ, ಸಿಬ್ಬಂದಿ ರೇಡಿಯೊದಲ್ಲಿ ಮಾತನಾಡಲು ಸಾಧ್ಯವಾಗಲೇಬೇಕು. ಕೆಳಗಿನ ಬಹುಪಾಲು ಸಲಹೆಗಳು ಈ ನಿಯಮದಿಂದಲೇ ಹುಟ್ಟಿವೆ.

ಮೊದಲು ಶಕ್ತಿಯ ಲೆಕ್ಕ

ಬ್ಯಾಟರಿಯನ್ನು ಕೊಂಡ ಮೇಲೆ ಲೆಕ್ಕ ಹಾಕುವವರೇ ಹೆಚ್ಚು. ಆದರೆ ಲೆಕ್ಕ ಮೊದಲು ಬರಬೇಕು, ಮತ್ತು ಅದು ಆಂಪಿಯರ್-ಗಂಟೆಯಲ್ಲಿ ಅಲ್ಲ, ವಾಟ್-ಗಂಟೆಯಲ್ಲಿ ಇರಬೇಕು. ವೋಲ್ಟೇಜ್ ಬೇರೆಬೇರೆಯಾಗಿರುವ ಸಾಧನಗಳನ್ನು ಆಂಪಿಯರ್-ಗಂಟೆಯಲ್ಲಿ ಹೋಲಿಸಲು ಹೋದರೆ ಉತ್ತರ ತಪ್ಪಾಗುತ್ತದೆ. 10,000 ಮಿಲಿಆಂಪಿಯರ್-ಗಂಟೆ ಎಂದು ಬರೆದ ಪವರ್ ಬ್ಯಾಂಕಿನ ಒಳಗಿನ ಸೆಲ್ 3.7 ವೋಲ್ಟಿನದ್ದಾಗಿರುವುದರಿಂದ ಅದರಲ್ಲಿರುವುದು 37 ವಾಟ್-ಗಂಟೆ ಮಾತ್ರ, 14.8 ವೋಲ್ಟಿನ ಬ್ಯಾಟರಿಯ ಮೇಲೆ ಅದೇ ಸಂಖ್ಯೆ ಇದ್ದರೆ ಅದು 148 ವಾಟ್-ಗಂಟೆ.

ಉದಾಹರಣೆಗೆ, 12 ಗಂಟೆಯ ಪಾಳಿಯಲ್ಲಿರುವ ತಂಡದ ನಾಯಕನನ್ನು ತೆಗೆದುಕೊಳ್ಳೋಣ. 5 ವಾಟ್ ಪ್ರಸಾರ ಶಕ್ತಿಯ ವಾಕಿಟಾಕಿ ಮಾತನಾಡುವಾಗ ಬ್ಯಾಟರಿಯಿಂದ ಸುಮಾರು 12 ವಾಟ್, ಆಲಿಸುವಾಗ 2 ವಾಟ್, ಸುಮ್ಮನಿರುವಾಗ ಅರ್ಧ ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತಯಾರಕರು ಬ್ಯಾಟರಿಯ ಬಾಳಿಕೆಯನ್ನು ಹೇಳುವಾಗ ಸಾಮಾನ್ಯವಾಗಿ ಬಳಸುವ ಸೂತ್ರ 5-5-90, ಅಂದರೆ ನೂರರಲ್ಲಿ ಐದು ಪಾಲು ಮಾತು, ಐದು ಪಾಲು ಆಲಿಕೆ, ಉಳಿದದ್ದು ಮೌನ. ಈ ಸೂತ್ರದಂತೆ ಸರಾಸರಿ 1.15 ವಾಟ್, ಅಂದರೆ 12 ಗಂಟೆಗೆ 14 ವಾಟ್-ಗಂಟೆ ಸಾಕು. ಆದರೆ ಮಣ್ಣಿನಡಿ ಜನ ಸಿಕ್ಕಿರುವ ಸ್ಥಳದಲ್ಲಿ ತಂಡದ ನಾಯಕ ಅಷ್ಟು ಮೌನವಾಗಿರುವುದಿಲ್ಲ. ನೂರರಲ್ಲಿ 20 ಪಾಲು ಮಾತು, 30 ಪಾಲು ಆಲಿಕೆ ಎಂದು ಹಿಡಿದರೆ ಸರಾಸರಿ 3.25 ವಾಟಿಗೆ ಏರಿ, ಪಾಳಿಗೆ 39 ವಾಟ್-ಗಂಟೆ ಬೇಕಾಗುತ್ತದೆ. ಕರಪತ್ರದಲ್ಲಿ ಇಡೀ ದಿನ ಬರುತ್ತದೆಂದು ಬರೆದಿರುವ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುವುದಕ್ಕೆ ಕಾರಣ ಇದೇ.

ನಕ್ಷೆ ತೋರಿಸುತ್ತ, ಜಿಪಿಎಸ್ ಓಡಿಸುತ್ತಿರುವ ಫೋನಿಗೆ ಸರಾಸರಿ 2 ವಾಟಿನಂತೆ 24 ವಾಟ್-ಗಂಟೆ. ದಿನಕ್ಕೆ ನಾಲ್ಕು ಗಂಟೆ ದಾಖಲಿಸುವ, 2.5 ವಾಟಿನ ಕ್ಯಾಮೆರಾಕ್ಕೆ 10. ಇರುವ ಸ್ಥಳವನ್ನು ತಿಳಿಸುವ ಸಣ್ಣ ಟ್ರ್ಯಾಕರಿಗೆ 2.4, ಹಬ್‌ ತಾನೇ ತಿನ್ನುವ 0.3 ವಾಟಿಗೆ 3.6. ಒಟ್ಟು 79 ವಾಟ್-ಗಂಟೆ ಆಯಿತು. ಇಲ್ಲಿಗೆ ನಿಲ್ಲಿಸಬಾರದು. ವೋಲ್ಟೇಜ್ ಪರಿವರ್ತಕಗಳ ದಕ್ಷತೆ ಶೇ. 90 ಎಂದರೆ ಅದು 88ಕ್ಕೆ ಏರುತ್ತದೆ. ಬ್ಯಾಟರಿ ಹಳೆಯದಾಗಿ ಮೂಲ ಸಾಮರ್ಥ್ಯದ ಶೇ. 80ಕ್ಕೆ ಇಳಿದ ದಿನವೂ ಕೆಲಸ ನಡೆಯಬೇಕಾದ್ದರಿಂದ 110. ಪಾಳಿ ಮುಗಿದರೂ ಬದಲಿ ತಂಡ ಬಾರದ ಸಂದರ್ಭಕ್ಕೆ ಶೇ. 20 ಮೀಸಲು ಸೇರಿಸಿದರೆ ಸುಮಾರು 132. ಸಾಧನಗಳ ಅಂಕಿಗಳನ್ನು ನಿಮ್ಮಲ್ಲಿರುವ ಸಾಧನಗಳಿಗೆ ಮೀಟರ್ ಹಚ್ಚಿ ಅಳೆದುಕೊಳ್ಳಬೇಕು. ಲೆಕ್ಕದ ಮೆಟ್ಟಿಲುಗಳು ಮಾತ್ರ ಇವೇ.

ಈಗ ಒಂದು ದೊಡ್ಡ ಬ್ಯಾಟರಿಯೋ, ಎರಡು ಸಣ್ಣವೋ ಎಂಬ ಪ್ರಶ್ನೆ. ಅಮೆರಿಕದ ಸೈನಿಕರು ಕವಚದೊಳಗೆ ಇಟ್ಟುಕೊಳ್ಳುವ ಚಪ್ಪಟೆ ಬ್ಯಾಟರಿ ಸುಮಾರು 150 ವಾಟ್-ಗಂಟೆಯದು, ತೂಕ 1.2 ಕಿಲೋ ಆಸುಪಾಸು. ನನ್ನ ಆಯ್ಕೆ 70 ವಾಟ್-ಗಂಟೆಯ ಎರಡು ಬ್ಯಾಟರಿಗಳು. ಒಂದನ್ನು ತೆಗೆದು ಬದಲಿಸುವಾಗ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಸೊಂಟದ ಎರಡೂ ಬದಿಗೆ ತೂಕ ಹಂಚುತ್ತದೆ. ಮೂರನೆಯ ಕಾರಣ ವಿಮಾನದ್ದು: ನಾಗರಿಕ ವಿಮಾನಗಳಲ್ಲಿ 100 ವಾಟ್-ಗಂಟೆಯವರೆಗಿನ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದಕ್ಕೆ ಪ್ರಯಾಣಿಕರ ವಿಮಾನದಲ್ಲಿ ಜಾಗವಿಲ್ಲ. ತುರ್ತಾಗಿ ಹೊರ ರಾಜ್ಯಕ್ಕೆ ಹೊರಟ ತಂಡ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿಂತುಬಿಡುವಂತಾಗಬಾರದು.

ವೋಲ್ಟೇಜ್ ಮತ್ತು ತಂತಿ

ಎಲ್ಲ ಸಾಧನಗಳಿಗೂ ಯುಎಸ್‌ಬಿ ಇರುವುದರಿಂದ ಇಡೀ ವ್ಯವಸ್ಥೆಯನ್ನು 5 ವೋಲ್ಟಿನಲ್ಲೇ ನಡೆಸೋಣ ಎನಿಸುವುದು ಸಹಜ. ಅದು ಕೈಕೊಡುವುದು ಕೇಬಲಿನಲ್ಲಿ. ಅಗ್ಗದ ಯುಎಸ್‌ಬಿ ಕೇಬಲುಗಳಲ್ಲಿ 28 ಗೇಜಿನ ತೆಳು ತಂತಿ ಇರುತ್ತದೆ. ಅದರ ರೋಧ ಮೀಟರಿಗೆ ಸುಮಾರು 0.21 ಓಮ್, ಹೋಗುವ ಮತ್ತು ಬರುವ ತಂತಿಗಳೆರಡೂ ಸೇರಿ 0.42 ಓಮ್. ಅದರಲ್ಲಿ 10 ವಾಟ್ ಕಳಿಸಲು 5 ವೋಲ್ಟಿನಲ್ಲಿ 2 ಆಂಪಿಯರ್ ಬೇಕು, ಆಗ 0.84 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ ಸಾಧನಕ್ಕೆ ತಲುಪುವುದು 4.16 ವೋಲ್ಟ್. ಊರಿನ ವಿದ್ಯುತ್ ಲೈನಿನ ಕೊನೆಯಲ್ಲಿರುವ ಪಂಪ್‌ಸೆಟ್ ಗುಂಯ್‌ಗುಟ್ಟಿದರೂ ತಿರುಗದಿರುವ ಹಾಗೆ, ಫೋನು ‘ಚಾರ್ಜ್ ಆಗುತ್ತಿದೆ’ ಎಂದು ತೋರಿಸುತ್ತಲೇ ಇಳಿಯುತ್ತಿರುತ್ತದೆ. ಅದೇ ತಂತಿಯಲ್ಲಿ 15 ವೋಲ್ಟ್ ಕಳಿಸಿದರೆ ಪ್ರವಾಹ 0.67 ಆಂಪಿಯರಿಗೆ ಇಳಿದು, ನಷ್ಟವಾಗುವ ವೋಲ್ಟೇಜ್ 0.28 ಮಾತ್ರ, ತಂತಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಒಂಬತ್ತನೆಯ ಒಂದು ಪಾಲು.

ಆದ್ದರಿಂದ ಬ್ಯಾಟರಿಯಿಂದ ಹಬ್‌ಗೆ ಹೋಗುವ ಮುಖ್ಯ ದಾರಿ ನಾಲ್ಕು ಸೆಲ್‌ಗಳ ಸಾಲಿನ ವೋಲ್ಟೇಜಿನಲ್ಲೇ ಇರಲಿ. ಅದು ತುಂಬಿದಾಗ 16.8 ವೋಲ್ಟ್, ಖಾಲಿಯಾಗುವಾಗ ಸುಮಾರು 12 ವೋಲ್ಟ್. ಅದಕ್ಕೆ 20 ಅಥವಾ 22 ಗೇಜಿನ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ), ಅನೇಕ ಸಣ್ಣ ಎಳೆಗಳಿರುವ ತಂತಿಯನ್ನು ಬಳಸಿ; ಒಂಟಿ ಎಳೆಯ ತಂತಿ ನಡಿಗೆಯ ಬಾಗುವಿಕೆಗೆ ಬೇಗ ಮುರಿಯುತ್ತದೆ. 5 ವೋಲ್ಟಿಗೆ ಇಳಿಸುವ ಪರಿವರ್ತಕ ಸಾಧನಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ಬಟ್ಟೆಯೊಳಗೇ ವಾಹಕ ನೂಲು ನೇಯ್ದು ಕೇಬಲಿಲ್ಲದೆ ಮಾಡುವ ವಿನ್ಯಾಸಗಳೂ ಇವೆ. ಬ್ರಿಟನ್ನಿನ ಬಿಎಇ ಸಿಸ್ಟಮ್ಸ್ ಸಂಸ್ಥೆಯ ‘ಬ್ರಾಡ್‌ಸ್ವರ್ಡ್ ಸ್ಪೈನ್’ ಅಂಥದು. ಕೇಬಲ್ ಸಿಕ್ಕಿಕೊಳ್ಳುವ ತೊಂದರೆಯನ್ನು ಅದು ನಿಜಕ್ಕೂ ಕಡಿಮೆ ಮಾಡುತ್ತದೆ. ಆದರೆ ಜಾಕೆಟ್ ಹರಿದಾಗ ಹೊಲಿಸಿಕೊಳ್ಳಬೇಕಾದ ಸಣ್ಣ ತಂಡಕ್ಕೆ, ಬದಲಿಸಲು ಬರುವ ಕೇಬಲುಗಳೇ ಸದ್ಯಕ್ಕೆ ವಾಸಿ.

ಹಬ್ ಏನು ಮಾಡಬೇಕು, ಏನು ಮಾಡಬಾರದು

ಹಬ್‌ನ ಮೊದಲ ಕೆಲಸ ಎರಡು ಬ್ಯಾಟರಿಗಳನ್ನು ಒಂದಕ್ಕೊಂದು ಜಗಳವಾಡದಂತೆ ಜೋಡಿಸುವುದು. ತುಂಬಿದ ಬ್ಯಾಟರಿ ಮತ್ತು ಖಾಲಿ ಬ್ಯಾಟರಿಯನ್ನು ನೇರವಾಗಿ ಸಮಾನಾಂತರದಲ್ಲಿ ಜೋಡಿಸಿದರೆ ಒಂದರಿಂದ ಇನ್ನೊಂದಕ್ಕೆ ದೊಡ್ಡ ಪ್ರವಾಹ ನುಗ್ಗುತ್ತದೆ. ಪ್ರತಿಯೊಂದರ ದಾರಿಯಲ್ಲೂ ಏಕಮುಖ ಕವಾಟದಂಥ ಸರ್ಕಿಟ್ ಇರಬೇಕು. ಸಾಮಾನ್ಯ ಡಯೋಡ್ ಸುಮಾರು ಅರ್ಧ ವೋಲ್ಟನ್ನು ಸುಮ್ಮನೆ ತಿನ್ನುವುದರಿಂದ, ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸಿ ಮಾಡಿದ ‘ಐಡಿಯಲ್ ಡಯೋಡ್’ ಉತ್ತಮ. ಎರಡನೆಯ ಕೆಲಸ, ಪ್ರತಿ ಹೊರದಾರಿಗೂ ಪ್ರತ್ಯೇಕ ಪ್ರವಾಹ ಮಿತಿ ಹಾಕುವುದು. ಕ್ಯಾಮೆರಾದ ಕೇಬಲ್ ಜಜ್ಜಿ ಶಾರ್ಟ್ ಆದರೆ ಕ್ಯಾಮೆರಾ ಮಾತ್ರ ಆರಬೇಕು, ಫೋನಲ್ಲ. ತಾನಾಗಿ ಮರುಸ್ಥಾಪನೆಯಾಗುವ ಪಿಟಿಸಿ ಫ್ಯೂಸ್ ಅಗ್ಗವಾದರೂ, ಬಿಸಿಯೇರಿದಂತೆ ಅದರ ಮಿತಿ ಇಳಿಯುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ಬೆವರಿನ ಜಾಕೆಟ್ಟಿನೊಳಗೆ, ಅದು ಕಾರಣವಿಲ್ಲದೆ ಕಡಿತಗೊಳ್ಳಬಹುದು. ಎಲೆಕ್ಟ್ರಾನಿಕ್ ಸ್ವಿಚ್ ಬಳಸುವುದು ಲೇಸು.

ಮೂರನೆಯ ಕೆಲಸ ಬ್ಯಾಟರಿಯನ್ನು ಮಾತನಾಡಿಸುವುದು. ಒಳ್ಳೆಯ ಬ್ಯಾಟರಿಗಳು ಎಸ್‌ಎಂಬಸ್ ಎಂಬ ಎರಡು ತಂತಿಯ ಸಂಪರ್ಕದ ಮೂಲಕ ಉಳಿದ ಶಕ್ತಿ, ತಾಪ, ಎಷ್ಟು ಸಲ ಚಾರ್ಜ್ ಆಗಿದೆ ಎಂಬುದನ್ನೆಲ್ಲ ತಿಳಿಸುತ್ತವೆ. ಈ ಮಾಹಿತಿ ಫೋನಿನ ಪರದೆಯ ಮೇಲೆ ಶೇಕಡಾವಾರಾಗಿ ಅಲ್ಲ, ‘ಈಗಿನ ಬಳಕೆಯಲ್ಲಿ ಇನ್ನು ಇಷ್ಟು ಗಂಟೆ’ ಎಂದು ಕಾಣಬೇಕು. ಪಾಳಿ ನಡೆಸುವವನಿಗೆ ಬೇಕಾದದ್ದು ಗಂಟೆ.

ಮಾಡಬಾರದ್ದು ರೇಡಿಯೊಗೆ ಸಂಬಂಧಿಸಿದ್ದು. ವಾಕಿಟಾಕಿಯ ಬ್ಯಾಟರಿಯನ್ನು ತೆಗೆದು, ಆ ಜಾಗದಲ್ಲಿ ಕೂರಿಸುವ ‘ಬ್ಯಾಟರಿ ಎಲಿಮಿನೇಟರ್’ ಎಂಬ ಡಬ್ಬಿಯಿಂದ ವಿದ್ಯುತ್ ಕೊಡುವ ಏರ್ಪಾಡು ಮಾರುಕಟ್ಟೆಯಲ್ಲಿ ಸಿಗುತ್ತದೆ. ವಾಹನದಲ್ಲಿ ಅದು ಸರಿ, ಮೈಮೇಲೆ ಬೇಡ. ಅದನ್ನು ಹಾಕಿದ ಕೂಡಲೇ ರೇಡಿಯೊದ ಪ್ರಾಣ ಒಂದು ಕೇಬಲಿನ ಮೇಲೆ ನಿಲ್ಲುತ್ತದೆ. ತನ್ನ ಬ್ಯಾಟರಿ ಒಳಗಿರುವಾಗಲೇ ಹೊರಗಿನಿಂದ ವಿದ್ಯುತ್ ಪಡೆಯುವ ಮಾದರಿಯನ್ನು ಆರಿಸಿ. ಅಂಥದು ಸಿಗದಿದ್ದರೆ ರೇಡಿಯೊವನ್ನು ಹಬ್‌ನಿಂದ ಪೂರ್ತಿ ಹೊರಗಿಟ್ಟು ಒಂದು ಬಿಡಿ ಬ್ಯಾಟರಿ ಕೊಟ್ಟು ಕಳಿಸಿ. ಹೆಲ್ಮೆಟ್ಟಿನ ದೀಪವನ್ನು ಮೇಲಿನ ಲೆಕ್ಕದಲ್ಲಿ ಸೇರಿಸದಿರುವುದಕ್ಕೆ ಬೇರೆ ಕಾರಣವಿದೆ: ಕುತ್ತಿಗೆಯ ಬಳಿ ಹಾದುಹೋಗುವ ಕೇಬಲ್ ಎಲ್ಲಾದರೂ ಸಿಕ್ಕಿಕೊಂಡರೆ ತಲೆಯನ್ನೇ ಹಿಡಿದೆಳೆಯುತ್ತದೆ. ದೀಪಕ್ಕೆ ತನ್ನದೇ ಬ್ಯಾಟರಿ ಸಾಕು.

ಅಗ್ನಿಶಾಮಕರ ಉಸಿರಾಟ ಸಾಧನಕ್ಕೆ ಇದು ಇನ್ನೂ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ. ಧರಿಸಿದವರು ಸುಮಾರು 30 ಸೆಕೆಂಡು ಅಲುಗಾಡದಿದ್ದರೆ ಜೋರಾಗಿ ಕೂಗುವ ‘ಪಾಸ್’ ಎಚ್ಚರಿಕೆ ಸಾಧನ ಸ್ವತಂತ್ರವಾಗಿರಬೇಕು. ಅದರಿಂದ ಸುದ್ದಿ ಪಡೆಯಬಹುದು, ಅದಕ್ಕೆ ವಿದ್ಯುತ್ ಕೊಡುವ ಜವಾಬ್ದಾರಿಯನ್ನು ಹಬ್ ಹೊರಬಾರದು. ಅನಿಲ ಸೋರಿಕೆಯ ಸ್ಥಳಕ್ಕೆ ಹೋಗುವ ತಂಡವಾದರೆ, ಕಿಡಿ ಹುಟ್ಟಿಸದ ವಿನ್ಯಾಸವೆಂದು ಪ್ರಮಾಣಪತ್ರ ಪಡೆದ ಉಪಕರಣಗಳನ್ನಷ್ಟೇ ಒಯ್ಯಬೇಕು. ಮನೆಯಲ್ಲಿ ಜೋಡಿಸಿದ ಹಬ್‌ ವಾಹನದಲ್ಲೇ ಉಳಿಯಬೇಕು.

ಕನೆಕ್ಟರುಗಳು

ಇಡೀ ವ್ಯವಸ್ಥೆಯಲ್ಲಿ ಮೊದಲು ಸೋಲುವುದು ಬ್ಯಾಟರಿಯಲ್ಲ, ಕನೆಕ್ಟರ್. ಫೋನಿನ ಯುಎಸ್‌ಬಿ-ಸಿ ರಂಧ್ರ ಮೇಜಿನ ಮೇಲಿನ ಬಾಳಿಗಾಗಿ ಹುಟ್ಟಿದ್ದು. ಕೆಸರಿನಲ್ಲಿ ಅದರ ನಡುನಾಲಿಗೆಯ ಸುತ್ತ ಮಣ್ಣು ತುಂಬಿ ಗಟ್ಟಿಯಾಗುತ್ತದೆ. ಫೋನನ್ನು ಗಟ್ಟಿ ಕವಚದೊಳಗೆ ಒಮ್ಮೆ ಕೂರಿಸಿ, ಯುಎಸ್‌ಬಿ-ಸಿಯನ್ನು ಅದರೊಳಗೇ ಮುಚ್ಚಿಟ್ಟು, ಕವಚದಿಂದ ಹೊರಗೆ ಗಟ್ಟಿ ಕನೆಕ್ಟರನ್ನು ತರುವುದು ಸರಿಯಾದ ದಾರಿ. ಗ್ಲೆನೇರ್, ಫಿಷರ್, ಲೆಮೊ, ಓಡಿಯು ಮುಂತಾದ ಸಂಸ್ಥೆಗಳು ಇದಕ್ಕೆಂದೇ ಸಣ್ಣ ಕನೆಕ್ಟರುಗಳನ್ನು ಮಾಡುತ್ತವೆ. ದುಬಾರಿ, ನಿಜ, ಖರ್ಚನ್ನು ಬೇರೆಲ್ಲಿ ಕಡಿತ ಮಾಡಿದರೂ ಇಲ್ಲಿ ಮಾಡಬೇಡಿ.

ಕನೆಕ್ಟರನ್ನು ಆರಿಸುವಾಗ ನಾಲ್ಕು ಸಂಗತಿಗಳನ್ನು ನೋಡಬೇಕು. ನೇರವಾಗಿ ಎಳೆದಾಗ ತಾನೇ ಕಳಚಿಕೊಳ್ಳುವಂತಿರಬೇಕು: ಕಾಂಕ್ರೀಟಿನಿಂದ ಹೊರಚಾಚಿದ ಕಬ್ಬಿಣದ ಸರಳಿಗೆ ಕೇಬಲ್ ಸಿಕ್ಕಿದರೆ ಕೇಬಲ್ ಬಿಡಬೇಕು, ಮನುಷ್ಯ ನಿಲ್ಲಬಾರದು. ಕತ್ತಲಲ್ಲಿ, ದಪ್ಪ ಕೈಗವಸು ತೊಟ್ಟು, ನೋಡದೆ ಸೇರಿಸಲು ಆಗಬೇಕು. ಸೇರಿಸದೆ ತೆರೆದಿರುವಾಗಲೂ ನೀರು ಒಳಗೆ ಇಳಿಯಬಾರದು. ಐಪಿ67 ಎಂಬ ಗುರುತು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆಯನ್ನು ಸೂಚಿಸುತ್ತದೆ, ಆದರೆ ಅದು ಕನೆಕ್ಟರ್ ಸೇರಿರುವಾಗಿನ ಮಾತೋ ಬಿಡಿಯಾಗಿರುವಾಗಿನದೋ ಎಂಬುದನ್ನು ತಯಾರಕರಿಂದ ಬರಹದಲ್ಲೇ ಕೇಳಿ ಪಡೆಯಿರಿ. ನಾಲ್ಕನೆಯದು ಬಹಳ ಜನ ಮರೆಯುವಂಥದು: ತೆರೆದ ಪಿನ್ನುಗಳಲ್ಲಿ ವೋಲ್ಟೇಜ್ ಇರಬಾರದು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಉಪ್ಪುನೀರು ತಾಗಿದರೆ, ಜೀವಂತ ಪಿನ್ನು ವಿದ್ಯುದ್ವಿಭಜನೆಯಿಂದ ಬಹಳ ಬೇಗ ಸವೆದುಹೋಗುತ್ತದೆ. ಸಾಧನ ಸೇರಿದೆ ಎಂದು ಖಚಿತವಾದ ಮೇಲೆಯೇ ಹಬ್ ಆ ದಾರಿಗೆ ವಿದ್ಯುತ್ ಬಿಡಬೇಕು.

ಎಲ್ಲಿ ಕಟ್ಟಬೇಕು

ತೆವಳುವವರಿಗೆ ಎದೆಯ ಮೇಲೆ ದಪ್ಪ ವಸ್ತು ಬೇಡ. ಉಸಿರಾಟದ ಸಿಲಿಂಡರ್ ಅಥವಾ ಬೆನ್ನುಚೀಲ ಹೊರುವವರಿಗೆ ಬೆನ್ನಿನ ಮೇಲೆ ಬೇಡ. ಉಳಿಯುವುದು ಪಕ್ಕೆ ಮತ್ತು ಸೊಂಟದ ಬದಿ. ಚೀಲ ಸಿಕ್ಕಿಸಲೆಂದು ಸಾಲುಸಾಲಾಗಿ ಹೊಲಿದ ‘ಮೋಲೆ’ ಪಟ್ಟಿಗಳಿರುವ ಜಾಕೆಟ್ ಇದ್ದರೆ ಚೀಲಗಳನ್ನು ಬೇಕಾದ ಕಡೆಗೆ ಸರಿಸಿ ನೋಡಲು ಅನುಕೂಲ. ನೀರಿನಲ್ಲಿ ಕೆಲಸ ಮಾಡುವವರ ಲೈಫ್ ಜಾಕೆಟ್ಟಿನಲ್ಲಿ ಒಮ್ಮೆಗೇ ಬಿಚ್ಚುವ ಬಕಲ್ ಇರುತ್ತದೆ. ಯಾವ ಕೇಬಲೂ ಅದನ್ನು ದಾಟಿ ಹೋಗಬಾರದು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹುಡುಕಾಟ ಹೆದ್ದಾರಿಯ ಮೇಲಿನ ಮಣ್ಣಿನಲ್ಲೂ ಗಂಗಾವಳಿ ನದಿಯ ನೀರಿನಲ್ಲೂ ನಡೆಯಿತು. ನಮ್ಮ ಮಲೆನಾಡು-ಕರಾವಳಿಯ ತಂಡಗಳು ಎರಡೂ ಬಗೆಯ ಜೋಡಣೆಗೆ ಸಿದ್ಧವಿರಬೇಕಾದ್ದು ಇದಕ್ಕೇ.

ಲಿಥಿಯಂ ಸೆಲ್ ಜಜ್ಜಿದರೆ ಅಥವಾ ಚುಚ್ಚಿದರೆ ಒಳಗಿನಿಂದಲೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೀಗಾಗಿ ಬ್ಯಾಟರಿಯ ಚೀಲವನ್ನು ಒಂದೇ ಕೈಯಿಂದ, ಒಂದೇ ಎಳೆತಕ್ಕೆ ಮೈಯಿಂದ ಕಿತ್ತೆಸೆಯಲು ಬರಬೇಕು, ಮತ್ತು ಅದನ್ನು ಅಭ್ಯಾಸ ಮಾಡಿಸಬೇಕು. ಸಾಮಾನ್ಯ ಸೆಲ್‌ಗಳನ್ನು 0ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಚಾರ್ಜ್ ಮಾಡಬೇಕು. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೇ ಅಂಟಿ ಸೆಲ್ ಕೆಡುತ್ತದೆ. ಹಿಮಾಲಯದ ಗಡಿಗೆ ಹೋಗುವವರು ಬ್ಯಾಟರಿಯನ್ನು ಕೋಟಿನ ಒಳಗೆ ಮೈಶಾಖಕ್ಕೆ ತಾಗುವಂತಿಟ್ಟು ಕೇಬಲನ್ನಷ್ಟೇ ಹೊರಗೆ ತರಬೇಕು.

ದತ್ತಾಂಶದ ದಾರಿ

ವಿದ್ಯುತ್ತಿಗೆ ಹೇಗೂ ತಂತಿ ಬೇಕಾದ ಸಾಧನಕ್ಕೆ ದತ್ತಾಂಶವನ್ನೂ ಅದೇ ಕೇಬಲಿನಲ್ಲಿ ಕಳಿಸುವುದು ಸರಳ. ಬ್ಲೂಟೂತ್ ಮತ್ತು ಸಾಮಾನ್ಯ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರೇ ಹೆಚ್ಚಾಗಿರುವ ನಮ್ಮ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಎಡ ಸೊಂಟದಿಂದ ಬಲ ಹೆಗಲಿಗೆ ಸಂಕೇತ ತಲುಪದೆ ಹೋಗುವುದುಂಟು. ಸೈನಿಕರಿಗೆ ಇನ್ನೊಂದು ಕಾರಣವೂ ಇದೆ: ಹೊರಸೂಸುವ ಪ್ರತಿ ಅಲೆಯೂ ಶತ್ರುವಿಗೆ ಸುಳಿವು. ನೆಟ್ ವಾರಿಯರ್ ಫೋನುಗಳಲ್ಲಿ ನಿಸ್ತಂತು ಭಾಗಗಳನ್ನು ಮುಚ್ಚಿ ತಂತಿಯನ್ನೇ ಬಳಸಿದ್ದು ಅದಕ್ಕೆ.

ತಂತಿಯಲ್ಲಿ ಯುಎಸ್‌ಬಿ 2.0 ಸಾಕು. ಅದರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಮೈಮೇಲಿನ ಯಾವ ಕೆಲಸಕ್ಕೂ ಅದಕ್ಕಿಂತ ಹೆಚ್ಚು ಬೇಡ. ಯುಎಸ್‌ಬಿ 3 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ಸಂಪರ್ಕಗಳನ್ನು ಕೆಡಿಸುತ್ತದೆ ಎಂಬುದು ಎಂಜಿನಿಯರುಗಳಿಗೆ ಹಳೆಯ ಸಂಗತಿ.

ಮೊಬೈಲ್ ಟವರ್ ಬಿದ್ದುಹೋದ ಕಣಿವೆಯಲ್ಲಿ ಏನನ್ನು ಕಳಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಪ್ರತಿಯೊಬ್ಬ ಎಲ್ಲಿದ್ದಾನೆ ಎಂಬುದಕ್ಕೆ ಹತ್ತಾರು ಬೈಟುಗಳು ಸಾಕು, ಅದನ್ನು ಕಡಿಮೆ ವಿದ್ಯುತ್ತಿನಲ್ಲಿ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಒಯ್ಯಬಲ್ಲದು. ಭಾರತದಲ್ಲಿ 865–868 ಮೆಗಾಹರ್ಟ್ಸ್ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯಲ್ಲಿ ಪರವಾನಗಿಯಿಲ್ಲದೆ ಬಳಸಲು ಅವಕಾಶವಿದೆ. ಚಿತ್ರಗಳನ್ನು ಕೇಳಿದಾಗ ಮಾತ್ರ, ಚಿಕ್ಕದಾಗಿಸಿ ಕಳಿಸಬೇಕು. ನೇರ ವಿಡಿಯೊ ಬೇಕೆಂದು ನಿಯಂತ್ರಣ ಕೊಠಡಿಯಲ್ಲಿರುವವರು ಹಟ ಹಿಡಿಯುತ್ತಾರೆ. ಅದು ಹಾದಿಯನ್ನೂ ಬ್ಯಾಟರಿಯನ್ನೂ ನುಂಗಿಬಿಡುವುದರಿಂದ ಮೊದಲ ದಿನವೇ ಇಲ್ಲವೆನ್ನುವುದು ಒಳ್ಳೆಯದು. ದಾಖಲಾದ ವಿಡಿಯೊ ಮೈಮೇಲೇ ಉಳಿದು ಶಿಬಿರದಲ್ಲಿ ಇಳಿಯಲಿ. ನಕ್ಷೆಗಳನ್ನು ಹೊರಡುವ ಮೊದಲೇ ಫೋನಿನೊಳಗೆ ಇಳಿಸಿಟ್ಟುಕೊಳ್ಳಬೇಕು. ಅಮೆರಿಕದ ವಾಯುಸೇನೆಯ ಸಂಶೋಧನಾಲಯದಲ್ಲಿ ಹುಟ್ಟಿದ ‘ಅಟ್ಯಾಕ್’ (ATAK) ಎಂಬ, ತಂಡದವರ ಸ್ಥಾನವನ್ನು ನಕ್ಷೆಯ ಮೇಲೆ ತೋರಿಸುವ ತಂತ್ರಾಂಶದ ನಾಗರಿಕ ಆವೃತ್ತಿ ಇಂಥ ಇಂಟರ್‌ನೆಟ್ ರಹಿತ ಬಳಕೆಗೆ ಹೊಂದುತ್ತದೆ. ಫೋನು ಕಳೆದುಹೋಗಬಹುದೆಂದೇ ಎಣಿಸಿ ಅದರ ಸಂಗ್ರಹವನ್ನು ಗೂಢಲಿಪಿಯಲ್ಲಿಡಿ. ಅದರಲ್ಲಿ ಗಾಯಾಳುಗಳ ಚಿತ್ರಗಳಿರುತ್ತವೆ.

ಪರೀಕ್ಷೆ

ಮೇಜಿನ ಮೇಲಿನ ಪರೀಕ್ಷೆಗಿಂತ ಮೊದಲು ಮಾಡಬೇಕಾದದ್ದು ರೇಡಿಯೊದ ಪರೀಕ್ಷೆ. ಹಬ್‌ನ ಪರಿವರ್ತಕಗಳು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುವಾಗ ಹುಟ್ಟುವ ಗದ್ದಲ ವಾಕಿಟಾಕಿಯ ಆಲಿಸುವ ಶಕ್ತಿಯನ್ನು ಕುಗ್ಗಿಸಬಹುದು. ಹಬ್ ಬಂದ್ ಮಾಡಿ, ಇನ್ನೊಬ್ಬರು ಮಾತನಾಡುತ್ತ ದೂರ ನಡೆಯಲಿ. ಮಾತು ಒಡೆಯುವ ಜಾಗವನ್ನು ಗುರುತು ಮಾಡಿ. ಹಬ್ ಚಾಲೂ ಮಾಡಿ, ಎಲ್ಲ ಸಾಧನಗಳೂ ಚಾರ್ಜ್ ಆಗುತ್ತಿರುವಾಗ ಮತ್ತೆ ಮಾಡಿ. ಎರಡನೆಯ ಗುರುತು ಗಣನೀಯವಾಗಿ ಹತ್ತಿರ ಬಂದಿದ್ದರೆ ಕವಚ, ಕೇಬಲಿನ ಗದ್ದಲ ತಡೆಯುವ ಫೆರೈಟ್ ಮಣಿ ಮತ್ತು ಆಂಟೆನಾದ ಜಾಗ ಇವು ಸರಿಯಾಗುವವರೆಗೆ ಮುಂದೆ ಹೋಗಬೇಡಿ. ಪ್ರಸಾರದ ಗುಂಡಿ ಒತ್ತಿದಾಗ ಹಬ್ ಮರುಪ್ರಾರಂಭವಾಗುತ್ತದೆಯೇ ಎಂಬುದನ್ನೂ ನೋಡಿ. 5 ವಾಟ್ ಆಂಟೆನಾ ಪಕ್ಕದಲ್ಲಿರುವಾಗ ಅದು ಅಪರೂಪವಲ್ಲ.

ಆಮೇಲೆ ಪೂರ್ತಿ ಪಾಳಿಯ ಪರೀಕ್ಷೆ: ಕೆಸರು ಗದ್ದೆಯಲ್ಲಿ ತೆವಳುವುದು, ಹಗ್ಗ ಹತ್ತುವುದು, ಮಳೆಯಲ್ಲಿ ನಿಲ್ಲುವುದು, ಕತ್ತಲಲ್ಲಿ ಬ್ಯಾಟರಿ ಬದಲಿಸುವುದು. ಇದನ್ನು ವಿನ್ಯಾಸ ಮಾಡಿದವರಲ್ಲ, ಧರಿಸುವವರೇ ಮಾಡಬೇಕು, ಮತ್ತು ಅವರು ‘ಇದು ಚುಚ್ಚುತ್ತದೆ’ ಎಂದರೆ ಅದನ್ನು ದೋಷವೆಂದೇ ಬರೆದುಕೊಳ್ಳಬೇಕು. ಚುಚ್ಚುವ ವಸ್ತುವನ್ನು ಜನ ಎರಡನೆಯ ದಿನ ವಾಹನದಲ್ಲೇ ಬಿಟ್ಟು ಹೋಗುತ್ತಾರೆ.

ಶಿಬಿರದಲ್ಲಿ

ಹತ್ತು ಜನಕ್ಕೆ ತಲಾ 140 ವಾಟ್-ಗಂಟೆಯಂತೆ 1400. ಚಾರ್ಜರಿನ ನಷ್ಟ ಸೇರಿ ಸುಮಾರು 1650. ಆರು ಗಂಟೆಯಲ್ಲಿ ತುಂಬಿಸಲು 275 ವಾಟ್ ಬೇಕಾಗುತ್ತದೆ, ಅದನ್ನು ಒಂದು ಕಿಲೋವಾಟಿನ ಪುಟ್ಟ ಜನರೇಟರ್ ನಿರಾಯಾಸವಾಗಿ ಕೊಡುತ್ತದೆ. ಆಷಾಢದ ಮೋಡದಡಿ ಸೌರಫಲಕವನ್ನು ನಂಬಿ ಹೊರಡಬೇಡಿ. ಒಂದು ಸೆಟ್ ಮೈಮೇಲಿರುವಾಗ ಚಾರ್ಜರಿನಲ್ಲಿರಲು ಇನ್ನೊಂದು ಸೆಟ್ ಬೇಕು. ಖರೀದಿಯ ಪಟ್ಟಿಯಲ್ಲಿ ಇದೇ ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತದೆ.

ಮಳೆಗಾಲ ಮುಗಿದು ಬ್ಯಾಟರಿಗಳನ್ನು ಎತ್ತಿಡುವಾಗ ಪೂರ್ತಿ ತುಂಬಿಸಿಯೋ ಪೂರ್ತಿ ಖಾಲಿ ಮಾಡಿಯೋ ಇಡಬಾರದು. ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಆರು ತಿಂಗಳಿಗೊಮ್ಮೆ ನಿಜವಾದ ಸಾಮರ್ಥ್ಯವನ್ನು ಅಳೆದು, ಶೇ. 80ಕ್ಕಿಂತ ಕೆಳಗಿಳಿದದ್ದನ್ನು ತರಬೇತಿಗೆ ಬಿಡಿ; ಉಬ್ಬಿದ್ದನ್ನು, ಜೋರಾಗಿ ಬಿದ್ದದ್ದನ್ನು, ಉಪ್ಪುನೀರು ಕುಡಿದದ್ದನ್ನು ತರಬೇತಿಗೂ ಬಳಸದೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಿ. ಕೇಬಲುಗಳನ್ನು ಆಸ್ತಿಯ ಪಟ್ಟಿಯಲ್ಲಿ ಬರೆಯದೆ, ಬ್ಯಾಂಡೇಜಿನಂತೆ ಖರ್ಚಾಗುವ ಸಾಮಗ್ರಿಯೆಂದು ಬರೆದುಕೊಂಡರೆ, ಹರಿದ ಕೇಬಲಿಗೆ ಬದಲಿ ಪಡೆಯಲು ಯಾರ ಸಹಿಗೂ ಕಾಯಬೇಕಾಗುವುದಿಲ್ಲ.